ಸೈಕಲ್ಲಿಗೆ ಎಂಜಿನ್ ಕೂರಿಸುವವರೇ, 25 ಸಿಸಿ ಸಾಕು

ಹಳೇ ಕಾಲದ ಮೋಟಾರ್ ಸೈಕಲ್ಲಿನಂತೆ ಕಾಣುವ ಎಂಜಿನ್ ಸೈಕಲ್ ಕಟ್ಟುವ ಹುಚ್ಚು ಈ ಸೆಮಿಸ್ಟರಿನಲ್ಲಿ ನಮ್ಮ ಕ್ಯಾಂಪಸ್ಸಿಗೆ ಹತ್ತಿದೆ. ಒಳ್ಳೇ ಹುಚ್ಚು, ನಮಗೂ ಹತ್ತಿದೆ. ನೂರು ವರ್ಷ ಹಿಂದಿನ ಇಂಡಿಯನ್, ಹಾರ್ಲೆ ಗಾಡಿಗಳ ಫೋಟೋ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಉದ್ದನೆಯ ಟ್ಯಾಂಕು, ತೆಳ್ಳನೆ ಚಕ್ರ, ಹಿಂದಕ್ಕೆ ಬಾಗಿದ ಹ್ಯಾಂಡಲ್ಲು, ನಡುವೆ ಮುಚ್ಚುಮರೆ ಇಲ್ಲದ ಒಂದು ಎಂಜಿನ್ನು. ಚೌಕಟ್ಟು ನಮ್ಮ ಅಜ್ಜಂದಿರ ಸೈಕಲ್ಲಿನದೇ. ಊರಲ್ಲಿ ದನದ ಕೊಟ್ಟಿಗೆಯ ಮೂಲೆಗೆ ಒರಗಿಸಿಟ್ಟ ರಾಡ್ ಬ್ರೇಕಿನ ಹಳೇ ಸೈಕಲ್ಲು ಇದ್ದರೆ ಅರ್ಧ ಕೆಲಸ ಮುಗಿದಂತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಆದರೆ ಕ್ಯಾಂಟೀನಿನಲ್ಲಿ ಮಾತು ಶುರುವಾಗುವ ರೀತಿಯೇ ನಮಗೆ ಸರಿ ಕಾಣುತ್ತಿಲ್ಲ. ಮೊದಲನೇ ಪ್ರಶ್ನೆ ಯಾವಾಗಲೂ "ಎಷ್ಟು ಸಿಸಿ ಹಾಕೋಣ?" ಎನ್ನುವುದು. ಉತ್ತರ ಹರಾಜಿನಂತೆ ಏರುತ್ತದೆ. ಒಬ್ಬ 50 ಅಂದರೆ ಇನ್ನೊಬ್ಬ 80 ಅನ್ನುತ್ತಾನೆ, ಕೊನೆಗೆ ಯಾರೋ ಪಲ್ಸರ್ ಎಂಜಿನ್ನೇ ಕೂರಿಸೋಣ ಅನ್ನುವ ತನಕ ನಿಲ್ಲುವುದಿಲ್ಲ. ನಮ್ಮ ವಾದ ಇದಕ್ಕೆ ಪೂರ್ತಿ ಉಲ್ಟಾ. ಸೈಕಲ್ಲಿನ ಚೌಕಟ್ಟಿಗೆ ಕೂರಿಸುವ ಎಂಜಿನ್ನು 25 ಸಿಸಿ ದಾಟಬಾರದು. ಹೊಲದಲ್ಲಿ ಎಣ್ಣಿ ಹೊಡಿಯೋ ಪಂಪಿನಲ್ಲಿ, ಹುಲ್ಲು ಕತ್ತರಿಸುವ ಬ್ರಷ್ ಕಟರಿನಲ್ಲಿ ಇರುತ್ತದಲ್ಲ, ಆ ದರ್ಜೆಯ ಸಣ್ಣ ಎಂಜಿನ್ನು ಸಾಕು. ಇದನ್ನು ಬರೆಯುತ್ತಿರುವ ನಾವು ಮೂವರೂ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆಯವರು. ಭತ್ತದ ನಾಡಿನವರು ಪಂಪಿನ ಎಂಜಿನ್ನನ್ನು ಹೊಗಳುವುದರಲ್ಲಿ ಆಶ್ಚರ್ಯವೇನು ಅಂತ ನೀವು ನಗಬಹುದು. ನಗಿ, ಆದರೆ ಲೆಕ್ಕ ನೋಡಿ ನಗಿ.

ಮೊದಲು ಕಾನೂನು. ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ, ಕೆಲವರು ನೋಡುವುದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 2ರ ಉಪಕಲಂ 28 'ಮೋಟಾರು ವಾಹನ' ಅಂದರೆ ಏನು ಅಂತ ಹೇಳುತ್ತದೆ. ಅದರ ಕೊನೆಯಲ್ಲಿ ಒಂದು ವಿನಾಯಿತಿ ಇದೆ. ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು, ಎಂಜಿನ್ ಸಾಮರ್ಥ್ಯ 25 ಸಿಸಿ ಮೀರದಿದ್ದರೆ ಅದು ಈ ಕಾಯ್ದೆಯ ಪ್ರಕಾರ ಮೋಟಾರು ವಾಹನವೇ ಅಲ್ಲ. 25 ದಾಟಿತೋ, ನಿಮ್ಮ ಸೈಕಲ್ಲಿಗೆ ನೋಂದಣಿ ಬೇಕು, ವಿಮೆ ಬೇಕು, ನಿಮಗೆ ಲೈಸೆನ್ಸು ಬೇಕು. ಲೈಸೆನ್ಸು ಸಿಗುತ್ತದೆ ಬಿಡಿ. ನೋಂದಣಿ ಹೇಗೆ ಮಾಡಿಸುತ್ತೀರಿ? ಹೊಸ ಮಾದರಿಯ ವಾಹನವನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಒಪ್ಪಿಗೆ ಪಡೆಯಬೇಕು. ಅದು ಕಂಪನಿಗಳು ಮಾಡುವ ಕೆಲಸ, ಹಾಸ್ಟೆಲ್ ಹುಡುಗರದಲ್ಲ. ನೋಂದಣಿ ಇಲ್ಲದೆ ರಸ್ತೆಗಿಳಿದರೆ ಮೊದಲ ಸಲಕ್ಕೇ 5000 ರೂಪಾಯಿವರೆಗೆ ದಂಡ. 'ವಿಂಟೇಜ್' ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಅಸಲಿ ಗಾಡಿಗಳಿಗೆ ಮಾತ್ರ. ನಿನ್ನೆ ವೆಲ್ಡ್ ಮಾಡಿದ ಹಳೇ ರೂಪಕ್ಕೆ ಅದು ಅನ್ವಯಿಸುವುದಿಲ್ಲ.

ಈ 25ರ ಗೆರೆಯ ಬಗ್ಗೆ ಒಂದು ತಮಾಷೆ ಹೇಳಲೇಬೇಕು. ಹೋಂಡಾದ ಜಿಎಕ್ಸ್25 ಅಂತ ಒಂದು ಪುಟ್ಟ ಫೋರ್ ಸ್ಟ್ರೋಕ್ ಎಂಜಿನ್ನಿದೆ. ಕ್ಯಾಟಲಾಗಿನಲ್ಲಿ 25 ಸಿಸಿ. ಬೋರ್ 35 ಮಿ.ಮೀ., ಸ್ಟ್ರೋಕ್ 26 ಮಿ.ಮೀ. ಕ್ಯಾಲ್ಕ್ಯುಲೇಟರ್ ತೆಗೆದು ಗುಣಿಸಿ ನೋಡಿ, 25.015 ಬರುತ್ತದೆ! ಆರ್‌ಟಿಒ ಕಚೇರಿಯಲ್ಲಿ ಯಾರೂ ವರ್ನಿಯರ್ ಹಿಡಿದು ಬರಲಾರರು. ನಮ್ಮ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರುಗಳ ಬಗ್ಗೆ ಆ ಮಾತು ಹೇಳಲಾರೆವು. ನಿಜವಾದ ಜಾಗ್ರತೆ ಬೇಕಿರುವುದು ಬೇರೆ ಕಡೆ. ಬೆನ್ನಿಗೆ ಹೊರುವ ಟೂ ಸ್ಟ್ರೋಕ್ ಪಂಪುಗಳಲ್ಲಿ ತುಂಬಾ ಕಾಣಸಿಗುವ ಎಂಜಿನ್ನು 34 ಬೋರ್, 28 ಸ್ಟ್ರೋಕಿನದು. ಅದು 25.4 ಸಿಸಿ, ಅಂದರೆ ಗೆರೆಯ ಆಚೆಗೆ. ಬ್ರಷ್ ಕಟರುಗಳಲ್ಲಂತೂ 43, 52 ಸಿಸಿಯವು ರಾಶಿ ರಾಶಿ ಇವೆ. ಅಂಗಡಿಯವರು ಎಲ್ಲದಕ್ಕೂ "ಸಣ್ಣ ಎಂಜಿನ್ರಿ" ಅಂತಲೇ ಹೇಳುತ್ತಾರೆ.

ಈಗ ಹರಾಜಿನಲ್ಲಿ ಕೂಗಿದ ಎಂಜಿನ್ನುಗಳನ್ನು ನೋಡೋಣ.

ಸ್ಪ್ಲೆಂಡರ್ ಎಂಜಿನ್ನಿಗೆ ಅಭಿಮಾನಿಗಳು ಜಾಸ್ತಿ. 1985ರ ಸಿಡಿ100ರಿಂದ ಬಂದ 97.2 ಸಿಸಿಯ ಆ ವಿನ್ಯಾಸ ನಮ್ಮ ದೇಶದ ಮೂಲೆಮೂಲೆಯ ಮೇಸ್ತ್ರಿಗೂ ಬಾಯಿಪಾಠ. ಗುಜರಿಯಲ್ಲಿ ಸಿಗುತ್ತದೆ, ಬಿಡಿಭಾಗ ಸಿಗುತ್ತದೆ, ಪೆಟ್ರೋಲ್ ಕುಡಿಯುವುದಿಲ್ಲ. ಎಲ್ಲಾ ಒಪ್ಪಿದೆವು. ಆದರೆ ಅದರ ಸಿಲಿಂಡರ್ ಹೇಗಿದೆ ನೋಡಿ, ಮುಂದಕ್ಕೆ ಮಲಗಿದೆ. ಹಳೇ ಗಾಡಿಯ ಚೆಲುವಿರುವುದೇ ಚೌಕಟ್ಟಿನ ಮಧ್ಯೆ ನೆಟ್ಟಗೆ ಅಥವಾ ಓರೆಯಾಗಿ ನಿಂತ ಸಿಲಿಂಡರಿನಲ್ಲಿ. ಮಲಗಿದ ಸಿಲಿಂಡರ್ ಸೈಕಲ್ಲಿನ ಮುಂದಿನ ಕೊಳವೆಗೆ ಹೋಗಿ ಬಡಿಯುತ್ತದೆ. ಆಗ ಕೊಳವೆ ಕತ್ತರಿಸಬೇಕು, ಬಗ್ಗಿಸಬೇಕು, ಹೊಸದಾಗಿ ಬೆಸೆಯಬೇಕು. ಅಷ್ಟು ಮಾಡಿದ ಮೇಲೆ ಉಳಿಯುವುದು ಸೈಕಲ್ಲಲ್ಲ, ಸೊರಗಿದ ಸ್ಪ್ಲೆಂಡರ್. ಇನ್ನೊಂದು ಮಾತು. ಗುಜರಿಯ ಎಂಜಿನ್ನಿನ ಮೇಲೆ ಒಂದು ನಂಬರ್ ಕೊರೆದಿರುತ್ತದೆ, ಆ ನಂಬರು ಯಾರದೋ ಆರ್‌ಸಿ ಪುಸ್ತಕದಲ್ಲಿರುತ್ತದೆ. ಅದು ಯಾರದ್ದು, ಹೇಗೆ ಗುಜರಿಗೆ ಬಂತು ಎನ್ನುವುದಕ್ಕೆ ಚೀಟಿ ಇಲ್ಲದೆ ಮುಟ್ಟಬೇಡಿ.

ಎಕ್ಸ್‌ಎಲ್ 100 ಇದಕ್ಕಿಂತ ವಾಸಿ. ನಮ್ಮ ಕಡೆ ಬೀಜದ ಚೀಲ, ಹಾಲಿನ ಕ್ಯಾನು, ಮೇವಿನ ಹೊರೆ, ಕೆಲವೊಮ್ಮೆ ಮೂರು ಮಕ್ಕಳ ಸಮೇತ ಒಂದು ಸಂಸಾರ, ಎಲ್ಲವನ್ನೂ ಹೊರುವ ಬಡವರ ಲಾರಿ ಅದು. ಗೇರಿಲ್ಲ, ಕ್ಲಚ್ಚು ತಾನಾಗಿಯೇ ಹಿಡಿಯುತ್ತದೆ. 99.7 ಸಿಸಿ, 4.3 ಅಶ್ವಶಕ್ತಿ, ಅಂದರೆ 3200 ವ್ಯಾಟ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆನ್‌ಲೈನಿನಲ್ಲಿ ಸಿಗುವ ಚೀನಾದ ಟೂ ಸ್ಟ್ರೋಕ್ ಕಿಟ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. '80 ಸಿಸಿ' ಅಂತ ಮಾರುತ್ತಾರೆ. ಬೋರ್ 47, ಸ್ಟ್ರೋಕ್ 38, ಗುಣಿಸಿದರೆ 66 ಸಿಸಿಯೂ ತುಂಬುವುದಿಲ್ಲ. ಸಿಲಿಂಡರ್ ನೆಟ್ಟಗಿದೆ, ಸೈಕಲ್ ಚೌಕಟ್ಟಿಗೆಂದೇ ಮಾಡಿದ್ದು, ನೋಡಲು ಚೆಂದವೂ ಹೌದು. ಆದರೆ ರಸ್ತೆಗೆ ಕಾನೂನಿನ ದಾರಿ ಇಲ್ಲ, ನಡುಕಕ್ಕೆ ನಟ್ಟು ಬೋಲ್ಟು ನಿಲ್ಲುವುದಿಲ್ಲ. ಮೊದಲ ಹೆಸರಿನಲ್ಲೇ ಸುಳ್ಳು ಹೇಳುವ ಎಂಜಿನ್ನನ್ನು ನಾವಂತೂ ನಂಬುವುದಿಲ್ಲ.

ಹಾಗಾದರೆ ಒಂದು ಸೈಕಲ್ಲಿಗೆ ಎಷ್ಟು ಶಕ್ತಿ ಬೇಕು? ಮೂರನೇ ಸೆಮ್‌ನವರೂ ಹಾಕಬಹುದಾದ ಲೆಕ್ಕ. ಸವಾರ, ಸೈಕಲ್ಲು, ಎಂಜಿನ್ನು ಸೇರಿ 100 ಕಿಲೋ ಅಂತಿಟ್ಟುಕೊಳ್ಳಿ. ಉರುಳುವಿಕೆಯ ಗುಣಾಂಕ 0.01 ಅಂದರೆ ತಡೆ ಸುಮಾರು 10 ನ್ಯೂಟನ್. ನೆಟ್ಟಗೆ ಕೂತ ಸವಾರನ ಮೇಲೆ 25 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 17 ನ್ಯೂಟನ್. ಎರಡೂ ಸೇರಿ 27, ಸೆಕೆಂಡಿಗೆ 6.94 ಮೀಟರಿನಿಂದ ಗುಣಿಸಿದರೆ 190 ವ್ಯಾಟ್ ಆಸುಪಾಸು. ಮನೆಯ ಮಿಕ್ಸರ್ ಎಳೆಯುವುದಕ್ಕಿಂತಲೂ ಕಡಿಮೆ! ಜಿಎಕ್ಸ್25 ಕೊಡುವುದು 7000 ಆರ್‌ಪಿಎಂನಲ್ಲಿ 720 ವ್ಯಾಟ್. ಸಿಂಧನೂರಿನ ಕಾಲುವೆ ದಂಡೆಯ ಸಪಾಟು ದಾರಿಯಲ್ಲಿ ಅದು ಬೆವರುವುದೇ ಇಲ್ಲ. ನೂರು ಅಡಿಗೆ ಐದು ಅಡಿ ಏರುವ ದಿಬ್ಬ ಬಂತು ಅನ್ನಿ, ಅದೇ ವೇಗಕ್ಕೆ 530 ವ್ಯಾಟ್ ಬೇಕು, ಚೈನು ಬೆಲ್ಟುಗಳು ತಿನ್ನುವುದು ಬೇರೆ. ಅಲ್ಲಿ ವೇಗ ಇಳಿಯುತ್ತದೆ, ನೀವು ನಾಲ್ಕು ಸಲ ಪೆಡಲ್ ತುಳಿಯಬೇಕಾಗುತ್ತದೆ. ಪೆಡಲ್ ಇರುವುದು ಅದಕ್ಕೇ ತಾನೆ?

ಈಗ ಆ 3200 ವ್ಯಾಟ್ ನೆನಪು ಮಾಡಿಕೊಳ್ಳಿ. ಬೇಕಾಗಿರುವುದರ ಹದಿನೇಳು ಪಟ್ಟು. ಇದ್ದ ಶಕ್ತಿಯನ್ನು ಬಳಸದೆ ಇರುವ ಹುಡುಗ ಈ ಕ್ಯಾಂಪಸ್ಸಿನಲ್ಲಿ ಇನ್ನೂ ಹುಟ್ಟಿಲ್ಲ. ಸೈಕಲ್ಲು 60ಕ್ಕೆ ಹೋಗಿಯೇ ಹೋಗುತ್ತದೆ. 25ರಲ್ಲಿ ಆ 100 ಕಿಲೋದ ಚಲನಶಕ್ತಿ 2.4 ಕಿಲೋಜೂಲ್, 60ರಲ್ಲಿ 13.9. ಹತ್ತಿರ ಹತ್ತಿರ ಆರು ಪಟ್ಟು. ಅದನ್ನು ನುಂಗಬೇಕಾದದ್ದು ಏನು? ಕಬ್ಬಿಣದ ರಿಮ್ಮನ್ನು ಒಳಗಿನಿಂದ ಒತ್ತುವ ನಾಲ್ಕು ರಬ್ಬರ್ ತುಂಡು. ಆ ರಾಡ್ ಬ್ರೇಕು ಗದ್ದೆಯ ನೀರು ಮೆತ್ತಿಕೊಂಡಾಗ ಹೇಗೆ ಹಿಡಿಯುತ್ತದೆ ಅಂತ ನಮ್ಮೂರ ಯಾರನ್ನಾದರೂ ಕೇಳಿ. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಭತ್ತದ ಲಾರಿ, ಬಸ್ಸು, ಟ್ರ್ಯಾಕ್ಟರ್ ಟ್ರೇಲರುಗಳ ನಡುವೆ ಅಜ್ಜನ ಸೈಕಲ್ಲಿನ ಮುಂಗವೆಯನ್ನು ನಂಬಿ 60ರಲ್ಲಿ ಹೋಗುವವನಿಗೆ ನಾವು ಏನೂ ಹೇಳುವುದಿಲ್ಲ, ಅವನ ಅವ್ವನಿಗೆ ಹೇಳುತ್ತೇವೆ.

ಇಲ್ಲಿ ಒಬ್ಬ ಗೆಳೆಯ ಎತ್ತಿದ ಆಕ್ಷೇಪ ಗಟ್ಟಿಯಾಗಿದೆ. "ಹಾರ್ಲೆಯವರೇ ಸಣ್ಣ ಎಂಜಿನ್ ಹಾಕಿ ಸೋತರಲ್ಲ?" ಎನ್ನುವುದು ಅವನ ಮಾತು. ನಿಜ. ವಿಲಿಯಂ ಹಾರ್ಲೆ 1901ರಲ್ಲಿ ನಕ್ಷೆ ಬರೆದ ಮೊದಲ ಎಂಜಿನ್ನು 116 ಸಿಸಿಯದು, ಸಾಮಾನ್ಯ ಸೈಕಲ್ ಚೌಕಟ್ಟಿಗಾಗಿ ಮಾಡಿದ್ದು. 1903ರಲ್ಲಿ ಓಡಿಸಿ ನೋಡಿದರೆ ಮಿಲ್ವಾಕಿಯ ದಿಬ್ಬಗಳನ್ನು ಪೆಡಲ್ ತುಳಿಯದೆ ಹತ್ತಲಿಲ್ಲ. ಆಗ ಅವರು 400 ಸಿಸಿ ದಾಟಿದ ಎಂಜಿನ್ನಿಗೆ ಹೋದರು. ಆದರೆ ಗೆಳೆಯ ಅರ್ಧ ಕತೆ ಹೇಳಿದ್ದಾನೆ. ಎಂಜಿನ್ನಿನ ಜೊತೆ ಅವರು ಚೌಕಟ್ಟನ್ನೂ ಬಿಟ್ಟರು. ಸೈಕಲ್ಲಿನ ವಜ್ರಾಕೃತಿ ಹೋಗಿ, ಎಂಜಿನ್ನನ್ನು ಕೆಳಗಿನಿಂದ ಬಳಸುವ ಗಟ್ಟಿ ಚೌಕಟ್ಟು ಬಂತು. ಸೈಕಲ್ಲು ಮುಗಿದು ಮೋಟಾರ್ ಸೈಕಲ್ಲು ಶುರುವಾದ ಜಾಗ ಅದು. ದೊಡ್ಡ ಎಂಜಿನ್ ಬೇಕೇ ಬೇಕು ಅನ್ನುವವರು ಅವರ ಹಾಗೆ ಚೌಕಟ್ಟನ್ನೂ ಹೊಸದಾಗಿ ಲೆಕ್ಕ ಹಾಕಿ ಕಟ್ಟಲಿ, ಕ್ಯಾಂಪಸ್ಸಿನ ಒಳಗೇ ಓಡಿಸಲಿ. ಅದು ಬೇರೆಯೇ ಪ್ರಾಜೆಕ್ಟು, ಒಳ್ಳೆಯ ಪ್ರಾಜೆಕ್ಟು. ಅಜ್ಜನ ಸೈಕಲ್ಲನ್ನು ಮಾತ್ರ ಅದಕ್ಕೆ ಬಲಿ ಕೊಡಬೇಡಿ.

ಹೊಲದ ಎಂಜಿನ್ನು ಹಾಕಿದರೆ ಅಸಲಿತನ ಹೋಗುತ್ತದೆ ಅನ್ನುವವರಿಗೆ ಹೋಂಡಾದ ಕತೆ ಸಾಕು. ಯುದ್ಧ ಮುಗಿದು ಜಪಾನು ಬೂದಿಯಾಗಿದ್ದ 1946ರಲ್ಲಿ ಸೊಯಿಚಿರೊ ಹೋಂಡಾ ಕೈಗೆ ಸಿಕ್ಕಿದ್ದು ಸೇನೆಯ ರೇಡಿಯೋಗಳಿಗೆ ವಿದ್ಯುತ್ ಕೊಡಲು ಮಾಡಿದ್ದ ಸಣ್ಣ ಜನರೇಟರ್ ಎಂಜಿನ್ನುಗಳು. ಅವನ್ನು ಸೈಕಲ್ಲಿಗೆ ಕೂರಿಸಿದ. ಮೊದಲ ಮಾದರಿಯ ಪೆಟ್ರೋಲ್ ಟ್ಯಾಂಕು ಯಾವುದು ಗೊತ್ತಾ? ಚಳಿಗೆ ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬ! ಪೆಟ್ರೋಲು ಸಿಗದಿದ್ದಾಗ ಪೈನ್ ಮರದ ಎಣ್ಣೆ ಬೆರೆಸಿ ಓಡಿಸಿದರು. ಇವತ್ತು ಲೋಕಕ್ಕೆಲ್ಲ ಬೈಕು ಮಾರುವ ಕಂಪನಿಯ ಹುಟ್ಟು ಅಲ್ಲಿ. ಇನ್ನೊಂದು ಕೆಲಸಕ್ಕೆ ಮಾಡಿದ, ಹತ್ತಿರದಲ್ಲಿ ಸಿಗುವ ಸಣ್ಣ ಎಂಜಿನ್ನನ್ನು ಸೈಕಲ್ಲಿಗೆ ಹೊಂದಿಸುವುದೇ ಈ ವಿದ್ಯೆಯ ಹಳೇ ಸಂಪ್ರದಾಯ. ನಮ್ಮಲ್ಲೂ 1972ರಲ್ಲಿ ಬಂದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50, ಎರಡೂ 50 ಸಿಸಿಯೊಳಗೇ ಒಂದು ತಲೆಮಾರನ್ನು ಹೊತ್ತು ತಿರುಗಿದವು.

ಎಂಜಿನ್ ಆಯ್ಕೆ ಮುಗಿಯಿತು, ಇನ್ನು ತಲೆನೋವು. ಸಣ್ಣ ಎಂಜಿನ್ನಿನ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ.

ಮೊದಲನೆಯದು ಅದರ ಅವಸರ. 28 ಇಂಚಿನ ಚಕ್ರ 25 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 185 ಸುತ್ತು ಮಾತ್ರ ತಿರುಗುತ್ತದೆ. ಎಂಜಿನ್ನು 5500ರಲ್ಲಿ ಓಡುತ್ತಿರಬೇಕು ಅಂದರೆ 30ಕ್ಕೆ 1ರ ಅನುಪಾತ ಬೇಕು. ಒಂದೇ ಚೈನಿನಲ್ಲಿ ಇದು ಆಗದ ಮಾತು. ನಮ್ಮ ಸಲಹೆ ಎರಡು ಹಂತ: ಮೊದಲು ಸಣ್ಣ ಚೈನಿನಲ್ಲಿ 5ಕ್ಕೆ 1, ಆಮೇಲೆ ಬೆಲ್ಟಿನಲ್ಲಿ 6ಕ್ಕೆ 1. ಹಿಟ್ಟಿನ ಗಿರಣಿಯ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 13 ಮಿ.ಮೀ. ಅಗಲದ ಎ ಸೆಕ್ಷನ್ ಬೆಲ್ಟು ಸಾಕು. ಅದಕ್ಕೆ 75 ಮಿ.ಮೀ.ಗಿಂತ ಸಣ್ಣ ಪುಲ್ಲಿ ಹಾಕಿದರೆ ಬೆಲ್ಟು ಬೇಗ ಸಾಯುತ್ತದೆ, ಹಾಗಾಗಿ ಹಿಂದಿನ ಚಕ್ರದ ಕಡ್ಡಿಗಳಿಗೆ 450 ಮಿ.ಮೀ. ಬೆಲ್ಟಿನ ಬಳೆ ಕಟ್ಟಬೇಕು. ನಮಗೆ ಇಡೀ ಯೋಜನೆಯಲ್ಲಿ ತುಂಬಾ ಇಷ್ಟವಾದ ಭಾಗವೇ ಇದು. ಹಳೇ ಗಾಡಿಗಳ ಫೋಟೋದಲ್ಲಿ ಹಿಂದಿನ ಚಕ್ರದೊಳಗೆ ಇನ್ನೊಂದು ದೊಡ್ಡ ಬಳೆ ಕಾಣುತ್ತದಲ್ಲ, ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಅವರಿಗೆ ಯಾಕೆ ಬೇಕಿತ್ತೋ ನಮಗೂ ಅದಕ್ಕೇ ಬೇಕು.

ಎರಡನೆಯದು ಬಿಸಿ. ಏಪ್ರಿಲ್ ಮೇನಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಲೂನಾದಂಥ ಗಾಡಿಯ ಎಂಜಿನ್ನು ಓಡುವಾಗಿನ ಗಾಳಿಯಿಂದ ತಣಿಯುತ್ತದೆ. ನಿಧಾನವಾಗಿ ಓಡುವ ಸೈಕಲ್ಲಿನಲ್ಲಿ ಆ ಗಾಳಿ ಕಡಿಮೆ. ಪಂಪಿನ ಎಂಜಿನ್ನು ನಿಂತಲ್ಲೇ ಗಂಟೆಗಟ್ಟಲೆ ದುಡಿಯಲೆಂದು ಮಾಡಿದ್ದು, ಅದಕ್ಕೇ ಒಳಗೊಂದು ಫ್ಯಾನು, ಮೇಲೊಂದು ಪ್ಲಾಸ್ಟಿಕ್ ಮುಸುಕು ಇರುತ್ತದೆ. ನೋಡಲು ದರಿದ್ರವಾಗಿರುವ ಆ ಮುಸುಕೇ ಗಾಳಿಯನ್ನು ಸಿಲಿಂಡರಿನ ರೆಕ್ಕೆಗಳ ಮೇಲೆ ಹಾಯಿಸುವುದು. ಚೆಂದಕ್ಕಾಗಿ ಅದನ್ನು ಕಿತ್ತು ಬಿಸಾಕಿದವರ ಎಂಜಿನ್ನು ಜಾಮ್ ಆಗುತ್ತದೆ. ಅದೇ ಆಕಾರದಲ್ಲಿ ತಗಡಿನ ಮುಸುಕು ಮಾಡಿಸಿ, ಕಪ್ಪು ಬಣ್ಣ ಬಳಿಯಿರಿ. ಆದರೆ ಮೇಲೆ ಸುಳ್ಳು ಸಿಲಿಂಡರು, ಸುಳ್ಳು ರೆಕ್ಕೆ ಅಂಟಿಸಿ ದೊಡ್ಡ ಎಂಜಿನ್ನಿನ ವೇಷ ಹಾಕಬೇಡಿ. ಜಾತ್ರೆಯ ಫೋಟೋ ಅಂಗಡಿಯಲ್ಲಿ ರಟ್ಟಿನ ವಿಮಾನದೊಳಗೆ ಕೂತು ತೆಗೆಸಿಕೊಂಡ ಚಿತ್ರದ ಹಾಗಿರುತ್ತದೆ.

ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ? ನಮ್ಮ ಮತ ಫೋರ್ ಸ್ಟ್ರೋಕಿಗೆ. ಎಣ್ಣೆ ಬೆರೆಸುವ ರಗಳೆ ಇಲ್ಲ, ಹೊಗೆ ಕಡಿಮೆ, ಸದ್ದು ಹಳೇ ಗಾಡಿಗೆ ಹತ್ತಿರ. ಜಿಎಕ್ಸ್25ರಂಥ ಎಂಜಿನ್ನುಗಳನ್ನು ಯಾವ ಕೋನದಲ್ಲಿ ಹಿಡಿದರೂ ಓಡುವಂತೆ ಮಾಡಿದ್ದಾರೆ, ಬ್ರಷ್ ಕಟರನ್ನು ರೈತ ಹೇಗೆ ಬೇಕಾದರೂ ತಿರುಗಿಸುತ್ತಾನಲ್ಲ. ಅಂದರೆ ಸಿಲಿಂಡರನ್ನು ಸೀಟಿನ ಕೊಳವೆಗೆ ಸಮಾನಾಂತರವಾಗಿ ಓರೆ ನಿಲ್ಲಿಸಬಹುದು, 1901ರ ಇಂಡಿಯನ್ ಗಾಡಿಯಲ್ಲಿ ಇದ್ದ ಹಾಗೆ. ತೂಕ ಮೂರು ಕಿಲೋ ಒಳಗೆ. ಬ್ರಷ್ ಕಟರಿನ ಜೊತೆಗೇ ಬರುವ ಸೆಂಟ್ರಿಫ್ಯೂಗಲ್ ಕ್ಲಚ್ಚು ಸುಮಾರು 4000 ಆರ್‌ಪಿಎಂ ದಾಟಿದಾಗ ತಾನಾಗಿ ಹಿಡಿಯುತ್ತದೆ. ಪೆಡಲ್ ತುಳಿದು ಹೊರಡಿ, ಆಮೇಲೆ ಆಕ್ಸಿಲರೇಟರ್ ಕೊಡಿ. ಕ್ಲಚ್ಚಿನ ಲೈನರು ಬಾಳುವುದು ಆ ಕ್ರಮದಲ್ಲಿ ಮಾತ್ರ.

"ಇಷ್ಟೆಲ್ಲಾ ಯಾಕೆ, ಬ್ಯಾಟರಿ ಮೋಟಾರು ಹಾಕಿ ಮುಗಿಸಿ" ಅನ್ನುವ ಎಲೆಕ್ಟ್ರಿಕಲ್ ವಿಭಾಗದವರಿಗೂ ಒಂದು ಮಾತು. ಕಾನೂನು ನಿಮಗೂ ಅಂಥದೇ ಬಾಗಿಲು ತೆರೆದಿದೆ: 250 ವ್ಯಾಟ್, 25 ಕಿ.ಮೀ. ವೇಗ, ಇವುಗಳ ಕೆಳಗಿದ್ದರೆ ಉಳಿದ ಷರತ್ತುಗಳನ್ನು ಪಾಲಿಸಿ ನೋಂದಣಿ ಇಲ್ಲದೆ ಓಡಿಸಬಹುದು. ಕ್ಲಾಸಿಗೆ ಹೋಗಿಬರಲು ಅದೇ ಸರಿ, ನಾವು ಜಗಳಕ್ಕೆ ಬರುವುದಿಲ್ಲ. ನಾವು ಮಾತಾಡುತ್ತಿರುವುದು ಸದ್ದು ಮಾಡುವ ಗಾಡಿಯ ಬಗ್ಗೆ.

ಬಾಹಾ ತಂಡದವರನ್ನು ನೋಡಿ. ಎಸ್‌ಎಇ ಇಂಡಿಯಾ ನಡೆಸುವ ಆ ಸ್ಪರ್ಧೆಯಲ್ಲಿ ವರ್ಷಗಟ್ಟಲೆ ಎಲ್ಲ ತಂಡಗಳಿಗೂ ಒಂದೇ ಎಂಜಿನ್ನು, 10 ಅಶ್ವಶಕ್ತಿಯ ಬ್ರಿಗ್ಸ್ ಅಂಡ್ ಸ್ಟ್ರಾಟನ್. ಯಾರ ಎಂಜಿನ್ ದೊಡ್ಡದು ಅನ್ನುವ ಪ್ರಶ್ನೆಯೇ ಇಲ್ಲದ್ದರಿಂದ ಚೌಕಟ್ಟು, ಸಸ್ಪೆನ್ಷನ್, ಅನುಪಾತಗಳ ಮೇಲೆ ನಿಜವಾದ ಕೆಲಸ ನಡೆಯುತ್ತದೆ. ನಮ್ಮ ಕ್ಯಾಂಪಸ್ಸಿನ ಸೈಕಲ್ಲುಗಳಿಗೂ 25 ಸಿಸಿ ಅಂತ ಒಂದೇ ಗೆರೆ ಹಾಕಿಕೊಂಡರೆ ಮುಂದಿನ ಟೆಕ್ ಫೆಸ್ಟಿನಲ್ಲಿ ನೋಡುವಂಥ ಸ್ಪರ್ಧೆಯಾಗುತ್ತದೆ. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದು ಲೋಕಕ್ಕೆ ತಿಳಿಸಿದ ಬೀಡನ್ ಒಬ್ಬ ಚಿನ್ನದ ಗಣಿಯ ಎಂಜಿನಿಯರ್. ಇತಿಹಾಸ ಓದಿದವನಲ್ಲ, ಬಂಡೆ ಬಂಡೆ ನೋಡುತ್ತಾ ತಿರುಗುವ ಕೆಲಸದವನು. ನಮಗೆ ಅವನ ನೆನಪಾಗುವುದು ಯಾಕೆಂದರೆ, ಬೇಕಾದ ಎಂಜಿನ್ನು ಊರಿನ ಎಣ್ಣಿ ಪಂಪಿನ ಅಂಗಡಿಯಲ್ಲೇ ಇರುವಾಗ ನಾವು ಫೋನು ಹಿಡಿದು ಚೀನಾದ ಕಿಟ್ಟು ಹುಡುಕುತ್ತಿದ್ದೇವೆ.

ದಸರಾ ರಜೆಗೆ ಊರಿಗೆ ಹೋಗುವವರಿಗೆ ಒಂದು ಕೆಲಸ ಕೊಡುತ್ತೇವೆ. ಸಿಂಧನೂರಿನ ಕೃಷಿ ಯಂತ್ರದ ಅಂಗಡಿ ಇರಲಿ, ಲಿಂಗಸುಗೂರಿನ ರಿಪೇರಿ ಅಂಗಡಿ ಇರಲಿ, ಹಳೇ ಪಂಪು, ಬ್ರಷ್ ಕಟರುಗಳು ಬಿದ್ದಿರುವ ಕಡೆ ಒಂದು ಸುತ್ತು ಹಾಕಿ ಬನ್ನಿ. ಮೀಟರ್ ಪಟ್ಟಿ ಬೇಡ, ಎಂಜಿನ್ನಿನ ಪ್ಲೇಟಿನ ಫೋಟೋ ತನ್ನಿ. ಪ್ಲೇಟಿನಲ್ಲಿ ಸಿಸಿ ಮಾತ್ರ ಇದ್ದರೆ ಮಾದರಿಯ ಸಂಖ್ಯೆ ಬರೆದುಕೊಳ್ಳಿ, ಬೋರು ಸ್ಟ್ರೋಕು ನಾವು ಕ್ಯಾಟಲಾಗಿನಲ್ಲಿ ಹುಡುಕಿಕೊಳ್ಳುತ್ತೇವೆ. ರೇಟು ಕೇಳುವಾಗ ಮಾತ್ರ ಸೈಕಲ್ಲಿಗೆ ಅಂತ ಬಾಯಿ ಬಿಡಬೇಡಿ, ಹೊಲಕ್ಕೆ ಅನ್ನಿ.